ಸಮುದ್ರದೊಳಗೆ ವಿಮಾನ ನಿಲ್ದಾಣ: ಈ ಆಸೆ ಎಲ್ಲಿಂದ ಬಂತು?

ಪ್ರಯಾಣಿಕರು ಜಾಸ್ತಿಯಾಗಿ ಹಳೆಯ ನಿಲ್ದಾಣ ತುಂಬಿ ತುಳುಕಿದಾಗೆಲ್ಲ ಒಂದು ಪ್ರಸ್ತಾವ ಬರುತ್ತದೆ: ಸಮುದ್ರದಲ್ಲಿ ಕಟ್ಟೋಣ. ಅಲ್ಲಿ ಭೂಸ್ವಾಧೀನದ ತಕರಾರಿಲ್ಲ, ಸದ್ದಿಗೆ ಬೈಯುವ ನೆರೆಯವರಿಲ್ಲ, ರಾತ್ರಿಯಿಡೀ ವಿಮಾನ ಇಳಿಸಬಹುದು. ಕಾಗದದ ಮೇಲೆ ಇಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ, ಅಲ್ವಾ?

ಆಸೆ ಹಳೆಯದೇ. ಬ್ರಿಟನ್ 1970ರ ದಶಕದ ಆರಂಭದಲ್ಲಿ ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ಮ್ಯಾಪ್ಲಿನ್ ಸ್ಯಾಂಡ್ಸ್ ಎಂಬಲ್ಲಿ ಲಂಡನ್ನಿಗೆ ಇನ್ನೊಂದು ನಿಲ್ದಾಣ ಕಟ್ಟಲು ಹೊರಟಿತು. 1974ರಲ್ಲಿ ಕೈಬಿಟ್ಟಿತು. ಅದೇ ಅಳಿವೆಯ ಕನಸು ದಶಕಗಳ ನಂತರ ಮತ್ತೆ ಎದ್ದು, 2014ರಲ್ಲಿ ಮತ್ತೆ ಮಲಗಿತು. ಜಪಾನ್ ಮಾತ್ರ 1975ರಲ್ಲೇ ನಾಗಸಾಕಿ ಬಳಿಯ ಪುಟ್ಟ ದ್ವೀಪವೊಂದನ್ನು ದೊಡ್ಡದು ಮಾಡಿ ವಿಮಾನ ಇಳಿಸಿಯೇ ಬಿಟ್ಟಿತು.

ನಿಜವಾದ ಕಥೆ ಇರುವುದು ಜಪಾನಿನದೇ ಒಸಾಕಾದಲ್ಲಿ. ಅಲ್ಲಿನ ಇಟಾಮಿ ನಿಲ್ದಾಣದ ಸುತ್ತ ಮನೆಗಳೋ ಮನೆಗಳು. ಜೆಟ್ ವಿಮಾನಗಳ ಸದ್ದು ತಡೆಯಲಾರದೆ 1969ರಲ್ಲಿ ನಿವಾಸಿಗಳು ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟ್ ಆಗಿಹೋದ ತೊಂದರೆಗೆ ಪರಿಹಾರ ಕೊಡಿಸಿತು. ರಾತ್ರಿ ಹಾರಾಟ ನಿಲ್ಲಿಸಿ ಎಂಬ ಬೇಡಿಕೆಯನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಹೊಸ ನಿಲ್ದಾಣ ತೀರದಿಂದ 5 ಕಿ.ಮೀ. ಆಚೆ ಎಂದು ತೀರ್ಮಾನವಾಗಿತ್ತು. ನೆಲದ ಜಗಳವನ್ನು ನೀರಿಗೆ ಸಾಗಿಸಿದರು, ಅಷ್ಟೇ.

1987ರಲ್ಲಿ ಕೆಲಸ ಶುರು. ಸುಮಾರು 18 ಮೀಟರ್ ನೀರು, ಅದರ ಕೆಳಗೆ 20 ಮೀಟರ್ ಮೆತ್ತನೆಯ ಜೇಡಿ. ನೆನೆದ ಸ್ಪಂಜಿನ ಹಾಗೆ, ಹೊರೆ ಬಿದ್ದರೆ ನೀರು ಬಿಟ್ಟು ಕುಗ್ಗುತ್ತದೆ. ಕುಗ್ಗುವುದೇನಿದ್ದರೂ ಬೇಗ ಮುಗಿಯಲಿ ಅಂತ ಅದರೊಳಗೆ ಸುಮಾರು 10 ಲಕ್ಷ ಮರಳಿನ ಕಂಬ ಇಳಿಸಿ ನೀರಿಗೆ ದಾರಿ ಮಾಡಿದರು. ಆಮೇಲೆ ಗುಡ್ಡ ಅಗೆದು ತಂದು ಸುರಿದು ದ್ವೀಪ ಮಾಡಿದರು. ಆದರೆ ಜೇಡಿಯ ಕೆಳಗೆ ನೂರಾರು ಮೀಟರ್ ದಪ್ಪದ ಹಳೆಯ ಪದರಗಳಿದ್ದವು. ಅಲ್ಲಿಗೆ ಮರಳಿನ ಕಂಬ ಮುಟ್ಟುವುದಿಲ್ಲ.

1994ರ ಸೆಪ್ಟೆಂಬರ್ 4ರಂದು ಕನ್ಸಾಯ್ ಎಂಬ ಈ ಹೊಸ ನಿಲ್ದಾಣ ತೆರೆಯಿತು. ಆಗ ದ್ವೀಪ ವರ್ಷಕ್ಕೆ ಸುಮಾರು 50 ಸೆಂ.ಮೀ. ಇಳಿಯುತ್ತಿತ್ತು. ಈಗ 10 ಸೆಂ.ಮೀ.ಗಿಂತ ಕಡಿಮೆ. ಕೆಲಸ ಶುರುವಾದಾಗಿನಿಂದ ಲೆಕ್ಕ ಹಾಕಿದರೆ 13 ಮೀಟರಿಗೂ ಜಾಸ್ತಿ, ಅಂದರೆ ನಾಲ್ಕು ಮಹಡಿ ಎತ್ತರ. ಕುಸಿಯುವುದು ಮೊದಲೇ ಗೊತ್ತಿತ್ತು. ಎಲ್ಲ ಕಡೆ ಒಂದೇ ಸಮ ಕುಸಿಯುವುದಿಲ್ಲ ಎಂಬುದೇ ಪೀಕಲಾಟ. ಅದಕ್ಕೇ 1.7 ಕಿ.ಮೀ. ಉದ್ದದ ಟರ್ಮಿನಲ್‌ನ ಸುಮಾರು 900 ಕಂಬಗಳ ಬುಡದಲ್ಲಿ ಎತ್ತುವ ವ್ಯವಸ್ಥೆ ಇಟ್ಟಿದ್ದಾರೆ. ಪಂಚರ್ ಆದ ಲಾರಿಗೆ ಜಾಕ್ ಕೊಟ್ಟ ಹಾಗೆ ಕಂಬ ಎತ್ತಿ, ಅಡಿಗೆ ಲೋಹದ ತಗಡು ತುರುಕಿ, ಇಳಿಸುತ್ತಾರೆ.

2018ರ ಸೆಪ್ಟೆಂಬರ್ 4ರಂದು, ತೆರೆದು ಸರಿಯಾಗಿ 24 ವರ್ಷಕ್ಕೆ, ಜೆಬಿ ಚಂಡಮಾರುತ ಬಂತು. ರನ್‌ವೇ ನೀರಿನಡಿ ಹೋಯಿತು. ಟ್ಯಾಂಕರ್ ಹಡಗೊಂದು ಗಾಳಿಗೆ ತೇಲಿಬಂದು ಸೇತುವೆಗೆ ಗುದ್ದಿತು. ದಡಕ್ಕೆ ಇದ್ದದ್ದು ಅದೊಂದೇ ಸೇತುವೆ. ಸಾವಿರಾರು ಜನ ರಾತ್ರಿಯಿಡೀ ಅಲ್ಲೇ ಸಿಕ್ಕಿಹಾಕಿಕೊಂಡರು. ಆಮೇಲೆ ತಡೆಗೋಡೆ ಎತ್ತರಿಸಿದರು. ದ್ವೀಪವೇ ಇಳಿಯುವಾಗ ಅದು ಒಂದು ಸಲ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ.

ಹಾಂಕಾಂಗ್ (1998), ದಕ್ಷಿಣ ಕೊರಿಯಾದ ಇಂಚಿಯಾನ್ (2001) ಸಮುದ್ರದಲ್ಲಿ ಕಟ್ಟಿ ಗೆದ್ದಿವೆಯಲ್ಲಾ ಎನ್ನುತ್ತಾರೆ. ನಿಜ. ಆದರೆ ಅಲ್ಲಿ ಆಸರೆಗೆ ದ್ವೀಪಗಳು ಮೊದಲೇ ಇದ್ದವು. ಹಾಂಕಾಂಗ್ ತನ್ನ ಹಳೆಯ ಕೈ ಟಾಕ್ ನಿಲ್ದಾಣವನ್ನು ಮುಚ್ಚಿಯೂ ಬಿಟ್ಟಿತು.

ಇಟಾಮಿ ಮುಚ್ಚಲಿಲ್ಲ. ಹೊಸದು ಬಂದರೆ ಹಳೆಯದು ಹೋಗುತ್ತದೆ ಅಂತಲೇ ಮಾತು ಶುರುವಾಗಿತ್ತು. 1990ರ ಹೊತ್ತಿಗೆ, ಓಡಿಸಿ ಅಂತಿದ್ದ ಊರುಗಳೇ ಇರಲಿ ಬಿಡಿ ಅಂದವು. ಇಂದಿಗೂ ಅಲ್ಲಿ ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ವಿಮಾನಗಳು ಮನೆಗಳ ಮೇಲೇ ಹಾರುತ್ತವೆ. 2006ರಲ್ಲಿ ಅದೇ ಕೊಲ್ಲಿಯಲ್ಲಿ, ಮಣ್ಣು ತುಂಬಿಸಿ ಮಾಡಿದ ಜಾಗದ ಮೇಲೆ ಕೋಬೆ ನಿಲ್ದಾಣವೂ ಬಂದು, ಲೆಕ್ಕ ಮೂರಾಯಿತು.