ಮೂರು ಎಂಜಿನ್ ಉಳಿದಿದ್ದರೂ ‘ನೈನ್-ಓ-ನೈನ್’ ಬಿದ್ದದ್ದೇಕೆ?

ಪ್ರಶ್ನೆ: ಎರಡನೇ ಮಹಾಯುದ್ಧದ ನಾಲ್ಕು ಎಂಜಿನ್ನಿನ ಬಿ-17 ಬಾಂಬರ್ ಒಂದು ಎಂಜಿನ್ ಸುಟ್ಟುಹೋದರೂ ಜರ್ಮನಿಯಿಂದ ಇಂಗ್ಲೆಂಡಿಗೆ ಮರಳುತ್ತಿತ್ತಂತೆ. ಹಾಗಿದ್ದರೆ ‘ನೈನ್-ಓ-ನೈನ್’ ಎಂಬ ಬಿ-17 2019ರಲ್ಲಿ ಅಮೆರಿಕದಲ್ಲಿ ಇಳಿಯುವಾಗ ಬಿತ್ತಲ್ಲ, ಏಕೆ?

ಉತ್ತರ: ಕೈಕೊಟ್ಟದ್ದು ಒಂದಲ್ಲ, ಎರಡು. 3 ಮತ್ತು 4ನೇ ಎಂಜಿನ್, ಎರಡೂ ಬಲರೆಕ್ಕೆಯವು. ಜರ್ಮನಿಯಿಂದ ಮರಳುವವರಿಗೆ ಕಾಲಡಿ ಸಾವಿರಾರು ಅಡಿ ಎತ್ತರವಿರುತ್ತಿತ್ತು; ಇವರಿಗಿದ್ದದ್ದು ಐನೂರು ಅಡಿ.

ಮೊದಲು ಹೆಸರಿನ ಗೊಂದಲ. ಅಮೆರಿಕದ ವಾಯುಪಡೆಯ 91ನೇ ಬಾಂಬ್ ಗ್ರೂಪಿನಲ್ಲಿ 140 ಸಲ ದಾಳಿಗೆ ಹೋದ ಅಸಲಿ ನೈನ್-ಓ-ನೈನ್ ಯುದ್ಧ ಮುಗಿದ ಮೇಲೆ ಗುಜರಿ ಸೇರಿತು. ಬಿದ್ದದ್ದು ಆ ಬಣ್ಣ ಬಳಿದುಕೊಂಡ ಇನ್ನೊಂದು, ಕ್ರಮಸಂಖ್ಯೆ 44-83575. 1945ರ ಏಪ್ರಿಲ್‌ನಲ್ಲಿ ಸೇನೆಗೆ ಬಂತು, ಯುದ್ಧ ಕಾಣಲಿಲ್ಲ. 1952ರಲ್ಲಿ ನೆವಾಡದಲ್ಲಿ ಮೂರು ಅಣುಸ್ಫೋಟಗಳ ಎದುರು ನಿಲ್ಲಿಸಿದರು. ಆಮೇಲೆ ಗುಜರಿಯಿಂದ ಎತ್ತಿ ಕಾಡ್ಗಿಚ್ಚು ಆರಿಸಲು ಬಳಸಿದರು. 1987ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಇಳಿಯುವಾಗ ಅಡ್ಡಗಾಳಿಗೆ ಸಿಕ್ಕಿ ರನ್‌ವೇ ದಾಟಿ, ಬೇಲಿ ಮುರಿದು ಕಂದರಕ್ಕೆ ಜಾರಿತ್ತು. ಆಗ ಯಾರೂ ಸಾಯಲಿಲ್ಲ.

2019ರ ಅಕ್ಟೋಬರ್ 2, ಕನೆಕ್ಟಿಕಟ್‌ನ ಬ್ರ್ಯಾಡ್ಲಿ ನಿಲ್ದಾಣ. 13 ಜನರೊಂದಿಗೆ ಬೆಳಿಗ್ಗೆ 9.47ಕ್ಕೆ ಏರಿದ ವಿಮಾನದಿಂದ ಸ್ವಲ್ಪದರಲ್ಲೇ ಕಂಟ್ರೋಲ್‌ಗೆ ಸುದ್ದಿ: 4ನೇ ಎಂಜಿನ್ನಿನ ಮ್ಯಾಗ್ನೆಟೊ (ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಸಾಧನ) ಸರಿಯಿಲ್ಲ, ಮರಳುತ್ತೇವೆ.

ಒಂಬತ್ತು ಸಿಲಿಂಡರಿನ ಈ ರೈಟ್ ಸೈಕ್ಲೋನ್ ಎಂಜಿನ್ನಿಗೆ ಎರಡು ಮ್ಯಾಗ್ನೆಟೊ, ಸಿಲಿಂಡರಿಗೆ ಎರಡೆರಡು ಪ್ಲಗ್. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತಲೇ ಈ ಜೋಡಿ. ಮ್ಯಾಗ್ನೆಟೊ ಬಂದ್ ಮಾಡಲು ಒಂದು ವೈರನ್ನು ಅದರ ಲೋಹದ ಕವಚಕ್ಕೆ ತಾಗಿಸಿ ಅರ್ತ್ ಮಾಡುತ್ತಾರೆ. ಹಳೆಯ ಬೈಕುಗಳ ಕಿಲ್ ಸ್ವಿಚ್ ಮಾಡುವುದೂ ಇದನ್ನೇ. 4ನೇ ಎಂಜಿನ್ನಿನ ಒಂದು ಮ್ಯಾಗ್ನೆಟೊದಲ್ಲಿ ಆ ವೈರ್ ಜಾಗ ಬಿಟ್ಟು ಸರಿದು ಕವಚಕ್ಕೆ ತಾಗುತ್ತಿತ್ತು. ಅಂದರೆ ಎಂಜಿನ್ ಓಡುತ್ತಿರುವಾಗಲೇ ಸ್ವಿಚ್ ಆಫ್! ಆ ವೈರನ್ನು ಹಿಡಿದಿಟ್ಟದ್ದು ಒಂಟಿ ಎಳೆ ತಂತಿ. ಇನ್ನೊಂದು ಮ್ಯಾಗ್ನೆಟೊ ನಾಲ್ಕು ಸಿಲಿಂಡರಿಗೆ ಸರಿಯಾಗಿ ಕಿಡಿ ಕೊಡುತ್ತಿರಲಿಲ್ಲ. 3ನೇ ಎಂಜಿನ್ನಿನ ಪ್ಲಗ್‌ಗಳು ಮಸಿ ಹಿಡಿದು, ಗ್ಯಾಪ್ ಕೂಡ ಮಿತಿಯಲ್ಲಿರಲಿಲ್ಲ. ಪ್ಲಗ್ ಬಿಚ್ಚಿ ನೋಡಿದ್ದರೆ ಯಾವ ಮೆಕ್ಯಾನಿಕ್‌ಗೂ ಗೊತ್ತಾಗುತ್ತಿತ್ತು. ಪೈಲಟ್ಟೇ ನಿರ್ವಹಣೆಯ ಮುಖ್ಯಸ್ಥರೂ ಆಗಿದ್ದರಿಂದ ಎರಡನೆಯ ಕಣ್ಣು ಇರಲಿಲ್ಲ.

ಆದರೂ ಇಳಿಯಬಹುದಿತ್ತು. ಪೈಲಟ್ ಚಕ್ರಗಳನ್ನು ಬೇಗ ಇಳಿಸಿಬಿಟ್ಟರು. ಬಿ-17ರ ಚಕ್ರ ದೊಡ್ಡದು, ಇಳಿಬಿಟ್ಟರೆ ಗಾಳಿಯ ತಡೆ ಹೆಚ್ಚುತ್ತದೆ. ಅದನ್ನು ಮೀರಲು ಬಲಗಡೆ ಶಕ್ತಿಯಿಲ್ಲ. ವೇಗ ಕುಸಿಯಿತು, ಎತ್ತರವೂ. ರನ್‌ವೇ 6ಕ್ಕಿಂತ ಸುಮಾರು 1,000 ಅಡಿ ಮುಂಚೆಯೇ ಅದರ ಸೂಚನಾ ದೀಪಗಳಿಗೆ ಬಡಿದು, ನೆಲಕ್ಕೆ ತಾಗಿ, ಬಲಕ್ಕೆ ಹೊರಳಿ ಡಿ-ಐಸಿಂಗ್ (ವಿಮಾನದ ಮೇಲಿನ ಹಿಮ ಕರಗಿಸುವ) ದ್ರವದ ಟ್ಯಾಂಕಿಗೆ ಗುದ್ದಿ ಹೊತ್ತಿಕೊಂಡಿತು. ಇಬ್ಬರು ಪೈಲಟ್‌ಗಳು, ಐವರು ಪ್ರಯಾಣಿಕರು ತೀರಿಕೊಂಡರು. ರನ್‌ವೇ ಮುಟ್ಟುವುದು ಖಾತ್ರಿಯಾಗುವವರೆಗೆ ಚಕ್ರ ಮಡಚಿಟ್ಟು ಗಂಟೆಗೆ 120 ಮೈಲಿ ವೇಗ ಹಿಡಿದಿದ್ದರೆ ದೀಪಗಳನ್ನು ದಾಟಿ ಇಳಿಯಬಹುದಿತ್ತು ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ತನಿಖೆ ಹೇಳಿತು.