ಪಾಯಿಂಟ್ 22 ಪಿಸ್ತೂಲಿಗೆ ಯಾವ ಗುಂಡು? ಬಗೆಹರಿಯದ ಹಳೆಯ ತೊಡಕು

ಗುರಿ ಪಿಸ್ತೂಲಿಗೆ ಹೊಸ ಬಗೆಯ ಗುಂಡು ತುಂಬಿದವರು ಒಮ್ಮೆಯಾದರೂ ಇದನ್ನು ಕಂಡಿರುತ್ತಾರೆ: ಗುಂಡು ಹಾರಿದೆ, ಆದರೆ ಹಿತ್ತಾಳೆಯ ಖಾಲಿ ಕೋಶ ಹೊರಗೆ ಜಿಗಿಯದೆ ಸ್ಲೈಡಿನ (ಪ್ರತಿ ಹೊಡೆತಕ್ಕೂ ಹಿಂದೆ ಸರಿದು ಮರಳುವ ಭಾಗ) ಕಿಂಡಿಯಲ್ಲಿ ಸಿಕ್ಕಿ ನೆಟ್ಟಗೆ ನಿಂತಿದೆ. ಪೆಟ್ಟಿಗೆಯ ಮೇಲೆ ‘ಪಾಯಿಂಟ್ 22 ಲಾಂಗ್ ರೈಫಲ್’ ಎಂದಿದೆ (ಇದು ಬಂದೂಕಿನದಲ್ಲ, 0.22 ಅಂಗುಲ ದಪ್ಪದ ಒಂದು ಬಗೆಯ ಗುಂಡಿನ ಹೆಸರು), ನಳಿಕೆಯ ಮೇಲೂ ಅದನ್ನೇ ಕೆತ್ತಿದೆ. ಆದರೂ ಹೊಂದಲಿಲ್ಲ.

ಇದೇ ದಪ್ಪದ, ಗಿಡ್ಡ ಕೋಶದ ಪಾಯಿಂಟ್ 22 ಶಾರ್ಟ್ ಗುಂಡು ಬಂದದ್ದು 1857ರಲ್ಲಿ, ಲಾಂಗ್ ರೈಫಲ್ 1887ರಲ್ಲಿ. ಕರಿಮದ್ದಿನ ಕಾಲ ಮುಗಿದರೂ ಅಳತೆ ಹಾಗೆಯೇ ಉಳಿಯಿತು. ತೊಡಕು ಶುರುವಾದದ್ದು 1930ರ ಸುಮಾರಿಗೆ, ಅದೇ ಅಳತೆಯಲ್ಲಿ ಹೆಚ್ಚು ವೇಗದ ಗುಂಡುಗಳು ಮಾರಾಟಕ್ಕೆ ಬಂದಾಗ. ರೈಫಲ್ಲಿನಿಂದ ಹಾರಿಸಿದರೆ ಹಳೆಯದರ ವೇಗ ಸೆಕೆಂಡಿಗೆ ಸುಮಾರು 330 ಮೀಟರ್, ಹೊಸದರದು 380ರ ಆಸುಪಾಸು.

ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲಿಗೆ ಇದರಿಂದ ಅಷ್ಟಾಗಿ ತೊಂದರೆಯಿಲ್ಲ. ಪಿಸ್ತೂಲಿನ ಮಾತೇ ಬೇರೆ. ಸಾಮಾನ್ಯ ಪಾಯಿಂಟ್ 22 ಪಿಸ್ತೂಲಿನ ಸ್ಲೈಡಿಗೆ ಬೀಗವಿಲ್ಲ. ಅದರ ತೂಕ ಮತ್ತು ಸ್ಪ್ರಿಂಗಿನ ಬಿಗಿ ಸೇರಿ ಕೋಶವನ್ನು ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ, ತಡೆದು ನಿಲ್ಲಿಸುತ್ತವೆ. ಗುಂಡಿನ ಬಲ ಸಾಲದಿದ್ದರೆ ಸ್ಲೈಡ್ ಅರ್ಧ ದಾರಿಯಿಂದಲೇ ಹಿಂದಿರುಗುತ್ತದೆ. ಬಲ ಹೆಚ್ಚಾದರೆ ಪ್ರತಿ ಹೊಡೆತಕ್ಕೂ ಚೌಕಟ್ಟಿಗೆ ಹೋಗಿ ಬಡಿಯುತ್ತದೆ.

ಕೋಲ್ಟ್ ವುಡ್ಸ್‌ಮನ್ ಪಿಸ್ತೂಲಿಗೆ ಆದದ್ದು ಇದೇ. ವೇಗದ ಗುಂಡು ತಾಳಲೆಂದು 1932ರಲ್ಲಿ ಅದರ ಹಿಡಿಯ ಹಿಂಬದಿಯ ಸ್ಪ್ರಿಂಗ್ ಕೂರುವ ಭಾಗವನ್ನು ಗಟ್ಟಿಗೊಳಿಸಿದರು. ಆ ಜಾಗವನ್ನು ಬೆರಳಿನಿಂದ ಸವರಿದರೇ ವ್ಯತ್ಯಾಸ ತಿಳಿಯುತ್ತದೆ: ಹಳೆಯದರಲ್ಲಿ ಚೌಕುಳಿ ಗೀರುಗಳು, ಹೊಸದರಲ್ಲಿ ಅಡ್ಡಗೆರೆಗಳು. ಇಂಥ ಸರಳ ಗುರುತು ಎಲ್ಲ ಪಿಸ್ತೂಲುಗಳಿಗೂ ರೂಢಿಯಾಗಬೇಕಿತ್ತು. ಆಗಲಿಲ್ಲ. ಕೋಶದ ಉದ್ದಗಲಕ್ಕೆ ಕೂದಲೆಳೆಯಷ್ಟು ನಿಖರವಾದ ಅಳತೆ ಗೊತ್ತುಮಾಡಿದ ಈ ಕ್ಷೇತ್ರ, ಸ್ಲೈಡಿಗೆ ಎಷ್ಟು ತಳ್ಳುಬಲ ಬೇಕೆಂಬುದನ್ನು ಮಾತ್ರ ಬಳಸುವವರ ಪ್ರಯೋಗಕ್ಕೆ ಬಿಟ್ಟಿದೆ.

ಸ್ಪರ್ಧೆಯ ಪಿಸ್ತೂಲುಗಳು ಕಡಿಮೆ ಬಲದ ಗುಂಡಿನ ಕಡೆಗೇ ವಾಲಿದವು. ರ‍್ಯಾಪಿಡ್ ಫೈರ್ ವಿಭಾಗದಲ್ಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ವರೆಗೂ ಶಾರ್ಟ್ ಗುಂಡೇ ನಡೆಯಿತು, ಏಕೆಂದರೆ ನಾಲ್ಕು ಸೆಕೆಂಡಿನಲ್ಲಿ ಐದು ಗುರಿ ಹೊಡೆಯುವವರಿಗೆ ಹಿನ್ನೊದೆತ ಕಡಿಮೆಯಾದಷ್ಟೂ ಒಳ್ಳೆಯದು. ಆಮೇಲೆ ನಿಯಮ ಬದಲಾಗಿ ಲಾಂಗ್ ರೈಫಲ್ ಕಡ್ಡಾಯವಾಯಿತು. ಶಾರ್ಟ್‌ಗೆಂದೇ ಮಾಡಿದ ಪಿಸ್ತೂಲುಗಳು ಆ ಸ್ಪರ್ಧೆಯಿಂದ ಹೊರಗುಳಿದವು.

ಶಾರ್ಟ್ ಕೋಶದ ಉದ್ದ ಸುಮಾರು 10.7 ಮಿಲಿಮೀಟರ್, ಲಾಂಗ್ ರೈಫಲ್ಲಿನದು 15.6. ದಪ್ಪ ಒಂದೇ ಆದ್ದರಿಂದ ಗಿಡ್ಡದು ಉದ್ದನೆಯ ಚೇಂಬರಿನಲ್ಲಿ ಕೂರುತ್ತದೆ, ಹಾರುತ್ತದೆ. ಆದರೆ ಕೋಶ ಮುಗಿಯುವಲ್ಲಿಂದ ಮುಂದೆ ಸೀಸ, ಮಸಿ ಸೇರಿ ಬಳೆಯಂತೆ ಕಟ್ಟಿಕೊಳ್ಳುತ್ತವೆ. ಮುಂದೊಂದು ದಿನ ಲಾಂಗ್ ರೈಫಲ್ ತುಂಬಿದಾಗ ಅದು ಆ ಬಳೆಗೆ ತಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಅತಿವೇಗದ ಕೆಲವು ಗುಂಡುಗಳದು ತದ್ವಿರುದ್ಧ ಸಮಸ್ಯೆ: ಅವುಗಳ ಕೋಶವೇ ತುಸು ಉದ್ದ, ಸ್ಪರ್ಧೆಯ ಬಿಗಿ ಚೇಂಬರಿಗೆ ಅವು ಅಪಾಯಕಾರಿ.

ಹೀಗಾಗಿ ಶೂಟರ್‌ಗಳು ನಾಲ್ಕೈದು ಬಗೆಯ ಗುಂಡು ತಂದು ಹಾರಿಸಿ ನೋಡುತ್ತಾರೆ, ಬೇಕಾದರೆ ಸ್ಪ್ರಿಂಗನ್ನೂ ಬದಲಿಸುತ್ತಾರೆ. ಅಂಥ ಪಿಸ್ತೂಲು ಕೈ ಬದಲಾದಾಗ, ಒಳಗಿರುವುದು ಯಾವ ಸ್ಪ್ರಿಂಗ್ ಎಂಬುದು ಹೊಸಬರಿಗೆ ಹೊರಗಿನಿಂದ ತಿಳಿಯುವುದಿಲ್ಲ. ನಳಿಕೆಯ ಮೇಲೆ ಹಳೆಯ ಬರಹವೇ ಇರುತ್ತದೆ.