ಎರಡನೇ ಹೆಂಡತಿ ಸಾಕ್ಷಿಗೆ ಸಿಗದಾಗ

ಎರಡನೇ ಮದುವೆಯ ಕೇಸು ನಡೆಸಿದ ಯಾವ ವಕೀಲನನ್ನು ಬೇಕಾದರೂ ಕೇಳಿ, ಗೋಳು ಒಂದೇ. ಮದುವೆ ಆಗಿದ್ದು ಊರಿಗೆಲ್ಲ ಗೊತ್ತು, ಆದರೆ ಸಪ್ತಪದಿ ನೋಡಿದೆ ಅಂತ ಕಟಕಟೆ ಹತ್ತಿ ಹೇಳುವವರು ಒಬ್ಬರೂ ಸಿಗುವುದಿಲ್ಲ. ನಾನೂ ಹೀಗೆ ಸೋತಿದ್ದೇನೆ.

ಅಮೆರಿಕ ಸರ್ಕಾರಕ್ಕೆ ಮಾರ್ಮನ್ನರ ಜೊತೆ, ಅಂದರೆ ಹಲವು ಹೆಂಡತಿಯರನ್ನು ಮದುವೆಯಾಗುವುದು ಧರ್ಮ ಅಂತ ಆಗ ನಂಬಿದ್ದ ಅಲ್ಲಿನ ಒಂದು ಚರ್ಚಿನವರ ಜೊತೆ, ಇದೇ ತಲೆನೋವಿತ್ತು. ಬಹುಪತ್ನಿತ್ವ ಅಪರಾಧ ಅನ್ನುವ ಕಾನೂನಿಗೆ ಲಿಂಕನ್ 1862ರಲ್ಲೇ ಸಹಿ ಹಾಕಿದ್ದರು. ಆದರೆ ಅವರು ನೆಲೆಸಿದ್ದ ಯೂಟಾ ಪ್ರಾಂತ್ಯದಲ್ಲಿ ಜ್ಯೂರಿಯಲ್ಲಿ ಕೂರುವವರೂ ಹೆಚ್ಚಾಗಿ ಅದೇ ಚರ್ಚಿನವರು, ಮದುವೆ ನಡೆಯುತ್ತಿದ್ದದ್ದೂ ಹೊರಗಿನವರನ್ನು ಬಿಡದ ಜಾಗದಲ್ಲಿ. ಇನ್ನು ಸಾಕ್ಷಿ ಎಲ್ಲಿಂದ ತರುವುದು?

ಕೊನೆಗೆ ಸಿಕ್ಕಿದ್ದು ಜಾರ್ಜ್ ರೆನಾಲ್ಡ್ಸ್, ಚರ್ಚಿನ ಮುಖ್ಯಸ್ಥ ಬ್ರಿಗಮ್ ಯಂಗ್ ಅವರ ಕಾರ್ಯದರ್ಶಿ. ಮೊದಲ ವಿಚಾರಣೆಯಲ್ಲಿ ಎರಡನೇ ಹೆಂಡತಿ ಅಮೇಲಿಯಾ ಬಂದು ಸಾಕ್ಷಿ ಹೇಳಿದಳು. ಜ್ಯೂರಿ ರಚನೆಯ ತಪ್ಪಿನಿಂದ ಆ ತೀರ್ಪು ರದ್ದಾಯಿತು. ಮತ್ತೆ ವಿಚಾರಣೆ ಶುರುವಾದಾಗ ಅವಳೇ ನಾಪತ್ತೆ! ಸಮನ್ಸ್ ಹಿಡಿದು ಮನೆಗೆ ಹೋದ ಅಧಿಕಾರಿಗೆ ರೆನಾಲ್ಡ್ಸ್, ಅವಳು ಎಲ್ಲಿ ಅಂತ ನೀವೇ ಪತ್ತೆ ಮಾಡಿಕೊಳ್ಳಿ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟ. ಕೋರ್ಟು ಅವಳ ಹಳೆಯ ಹೇಳಿಕೆಯನ್ನೇ ಒಪ್ಪಿಕೊಂಡಿತು. 1879ರಲ್ಲಿ ಸುಪ್ರೀಂ ಕೋರ್ಟೂ ಅದಕ್ಕೆ ಹೂಂ ಅಂದಿತು, ಸಾಕ್ಷಿಯನ್ನು ದೂರ ಇಟ್ಟವನು ಸಾಕ್ಷಿ ಬರಲಿಲ್ಲ ಅಂತ ದೂರುವ ಹಾಗಿಲ್ಲ. ಬಹುಪತ್ನಿತ್ವ ನನ್ನ ಧರ್ಮ ಅನ್ನುವ ರೆನಾಲ್ಡ್ಸ್ ವಾದಕ್ಕೆ ಮುಖ್ಯ ನ್ಯಾಯಮೂರ್ತಿ ವೇಟ್ ಕೊಟ್ಟ ಒಂದು ಉದಾಹರಣೆ ಯಾವುದು ಗೊತ್ತಾ? ನಮ್ಮ ಸತಿ ಪದ್ಧತಿ. ಗಂಡನ ಚಿತೆ ಏರುವುದು ಧರ್ಮ ಅಂತ ಹೆಂಡತಿ ನಂಬಿದರೆ ಸರ್ಕಾರ ತಡೆಯಬಾರದಾ, ಅಂತ.

ಪ್ರತಿ ಕೇಸಿನಲ್ಲೂ ಇಷ್ಟು ಒದ್ದಾಡಲು ಆಗುತ್ತದಾ? 1882ರ ಕಾನೂನು ಜಾಣತನದ್ದು. ಮದುವೆ ಸಾಬೀತು ಮಾಡುವ ಗೊಡವೆಯೇ ಬೇಡ, ಒಬ್ಬಳಿಗಿಂತ ಜಾಸ್ತಿ ಹೆಂಗಸರ ಜೊತೆ ಸಂಸಾರ ಮಾಡುವುದೇ ಅಪರಾಧ. ಹಿರಿಯ ನಾಯಕರು ತಲೆಮರೆಸಿಕೊಂಡರು. ಯಂಗ್ ನಂತರ ಬಂದ ಜಾನ್ ಟೇಲರ್ 1887ರಲ್ಲಿ ಅಡಗುತಾಣದಲ್ಲೇ ತೀರಿಕೊಂಡರು.

ಅದೇ ವರ್ಷದ ಇನ್ನೊಂದು ಕಾನೂನು ಚರ್ಚಿನ ಆಸ್ತಿಗೇ ಕೈ ಹಾಕಿತು. 1890ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಸೆಪ್ಟೆಂಬರಿನಲ್ಲಿ ಟೇಲರ್ ನಂತರ ಚರ್ಚಿನ ಮುಖ್ಯಸ್ಥರಾದ ವಿಲ್ಫರ್ಡ್ ವುಡ್‌ರಫ್ ಇನ್ನು ಇಂಥ ಮದುವೆ ಬೇಡ ಅಂತ ಪ್ರಕಟಣೆ ಕೊಟ್ಟರು. ದೇವರ ಪ್ರೇರಣೆ ಅಂತ ಭಕ್ತರು ನಂಬುತ್ತಾರೆ. ನಾನು ವಕೀಲ, ನನ್ನ ಕಣ್ಣು ಜಪ್ತಿಯ ಮೇಲೆ.

ಅಂದಹಾಗೆ, 1887ರ ಆ ಕಾನೂನು ಯೂಟಾದ ಹೆಂಗಸರಿಗೆ 1870ರಿಂದ ಇದ್ದ ವೋಟನ್ನೂ ಕಿತ್ತುಕೊಂಡಿತು. ಮಾರ್ಮನ್ ಅಲ್ಲದವರದ್ದೂ ಹೋಯಿತು. ಯೂಟಾ ರಾಜ್ಯವಾದ 1896ರಲ್ಲೇ ಅದು ವಾಪಸ್ ಸಿಕ್ಕಿದ್ದು.